ಎಮ್ರೆನ್ಸ್ ಬಾಯಿಯ ರೋಸ್ಟು ತಳ ಹಿಡಿದದ್ದು

ನಮ್ಮೂರಿನ ಇತಿಹಾಸವನ್ನು ಮುಂದೊಂದು ದಿನ ಯಾರಾದರೂ ಬರೆಯಲು ಕುಳಿತರೆ ಅದನ್ನು ಎರಡು ಭಾಗ ಮಾಡದೆ ವಿಧಿಯಿಲ್ಲ: ಎಮ್ರೆನ್ಸ್ ಬಾಯಿಯ ಬೀಫ್ ರೋಸ್ಟು ತಳ ಹಿಡಿಯುವುದಕ್ಕೆ ಮೊದಲಿನದು, ತಳ ಹಿಡಿದ ನಂತರದ್ದು. ಹೊಳೆಗೆ ಸೇತುವೆ ಬಂದದ್ದು, ಸೇತುವೆ ಹೋದದ್ದು, ಪುರಸಭೆಯ ಅಧ್ಯಕ್ಷರು ತಮ್ಮದೇ ಪ್ರತಿಮೆಯನ್ನು ತಾವೇ ಉದ್ಘಾಟಿಸಿದ್ದು, ಇವೆಲ್ಲ ಅಡಿಟಿಪ್ಪಣಿಯಲ್ಲಿ ಹಿಡಿಸುವ ಸಂಗತಿಗಳು. ರೋಸ್ಟಿನ ಸಂಗತಿ ಹಾಗೆ ಹಿಡಿಸುವುದಿಲ್ಲ. ಅದನ್ನು ಮೊದಲಿಂದ ಹೇಳಬೇಕು, ಮತ್ತು ಹೇಳಲು ನಾನೇ ಸರಿ, ಏಕೆಂದರೆ ನನ್ನ ಮನೆ ಬಾಯಿಯ ಮನೆಗೆ ಎದುರು. ನಡುವಿನ ಓಣಿಯಲ್ಲಿ ಒಂದು ಸೈಕಲ್ ಬಂದರೆ ಇನ್ನೊಂದು ಸೈಕಲ್ ಕಾಯಬೇಕು. ಅವರ ಅಡುಗೆಮನೆಯ ಮಾತು ನನ್ನ ಪಡಸಾಲೆಗೆ ನೇರವಾಗಿ ಬಂದು ಕುಳಿತುಕೊಳ್ಳುತ್ತದೆ. ಕೇಳಿಸಿಕೊಳ್ಳಲು ನಾನು ಪ್ರಯತ್ನಪಡಬೇಕಾಗಿಲ್ಲ, ಆದರೂ ಪಡುತ್ತೇನೆ.

ನಮ್ಮೂರಲ್ಲಿ ಅಡುಗೆಯ ವಾಸನೆ ಒಂದು ದಿನ ಮೊದಲು ಬರುತ್ತದೆ. ನಾಳೆ ಬೆಳಿಗ್ಗೆ ನೀವು ಒಗ್ಗರಣೆ ಹಾಕುವವರಿದ್ದರೆ ಇವತ್ತು ಬೆಳಿಗ್ಗೆ ಅದೇ ಹೊತ್ತಿಗೆ ಘಮ್ಮೆನ್ನುತ್ತದೆ. ನಾಳೆ ನಿಜವಾಗಿ ಒಗ್ಗರಣೆ ಹಾಕುವಾಗ ಬಾಣಲೆಯೊಳಗೆ ಮೂಗಿಟ್ಟರೂ ಏನೂ ಇಲ್ಲ, ಸದ್ದು ಮಾತ್ರ. ವಾಸನೆ ಮುಂದಾಗಿ ಹೋಗಿರುತ್ತದೆ, ರುಚಿ ಊಟದ ಹೊತ್ತಿಗೆ ಕಾದಿರುತ್ತದೆ. ಇದರಿಂದ ಗೃಹಿಣಿಯರಿಗೆ ನಾಳೆ ಏನು ಮಾಡುವುದು ಎಂಬ ಚಿಂತೆ ತಪ್ಪಿದೆ. ಮೂಸಿ ನೋಡಿ ಚೀಲ ಹಿಡಿದು ಹೊರಡುತ್ತಾರೆ. ಕಸಾಯಿ ಅಂಗಡಿಯ ಇದ್ದಿನಬ್ಬ ಸಂಜೆ ಊರಲ್ಲಿ ಒಂದು ಸುತ್ತು ನಡೆದುಬರುತ್ತಾರೆ, ಯಾರಿಗೆ ಎಷ್ಟು ಬೇಕೆಂದು ಅವರಿಗೆ ಗೊತ್ತಾಗುತ್ತದೆ. ಅವರ ಅಂಗಡಿಯಲ್ಲಿ ಮಾಂಸ ಉಳಿದದ್ದನ್ನು ಕಂಡವರಿಲ್ಲ. ಪೋಸ್ಟಾಫೀಸಿನ ಒಬ್ಬರು ತಮ್ಮ ಮನೆಯಿಂದ ಹಾಗಲಕಾಯಿ ವಾಸನೆ ಬಂದದ್ದಕ್ಕೆ ಸಿಟ್ಟಾಗಿ, ಮರುದಿನ ಮನೆಗೆ ಬೀಗ ಜಡಿದು ಸಂಸಾರ ಸಮೇತ ಹೊರಟುಹೋದರು. ಸಂಜೆ ಬಂದು ನೋಡಿದರೆ, ಹಿಂಬಾಗಿಲ ಕೀಲಿ ಇದ್ದ ಅತ್ತೆ ಬಂದು ಹಾಗಲಕಾಯಿ ಪಲ್ಯ ಮಾಡಿಟ್ಟು, ಮೇಲೆ ತಟ್ಟೆ ಮುಚ್ಚಿ ಹೋಗಿದ್ದರು. ಆಮೇಲೆ ಯಾರೂ ಅಂಥ ಪ್ರಯೋಗಕ್ಕೆ ಹೋಗಲಿಲ್ಲ.

ಯಾವ ಮನೆಯಿಂದ ಒಂದಿಡೀ ದಿನ ಏನೂ ವಾಸನೆ ಬರುವುದಿಲ್ಲವೋ ಆ ಮನೆಗೆ ನೆರೆಯವರು ಏನಾದರೂ ನೆವ ಮಾಡಿಕೊಂಡು ಹೋಗಿ, ಒಳಗಿರುವವರ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿಕೊಂಡು ಬರುತ್ತಾರೆ. ನಾಳೆ ಒಲೆ ಹಚ್ಚದ ಮನೆ ಅದು. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದು ನಮ್ಮಲ್ಲಿ ವಾಡಿಕೆಯಿಲ್ಲ.

ಇಷ್ಟೆಲ್ಲ ಇದ್ದ ಮೇಲೆ ಮರ್ಯಾದೆ ಎಂಬುದೂ ಇರಬೇಕಲ್ಲ. ಒಬ್ಬರ ಮನೆಯ ನಾಳೆಯ ವಾಸನೆಯ ಮಾತನ್ನು ಅವರ ಎದುರಿಗೆ ಎತ್ತಬಾರದು. ಒಳ್ಳೆಯದು ಬಂದರೆ ಸುಮ್ಮನೆ ಉಸಿರೆಳೆದುಕೊಳ್ಳಬೇಕು, ಕೆಟ್ಟದ್ದು ಬಂದರೆ ಸದ್ದಾಗದಂತೆ ಕಿಟಕಿ ಮುಚ್ಚಬೇಕು. ಜೊತೆಗೆ ಒಂದು ನಿಯಮ: ಮೂಗು ಹೋದವರು ಹತ್ತು ಜನರಿಗೆ ಬಡಿಸುವ ಅಡುಗೆ ಮಾಡುವಂತಿಲ್ಲ. ನಾಳೆ ಅನ್ನ ಹಳಸುತ್ತದೆಯೋ ಸಾರು ಕೆಡುತ್ತದೆಯೋ ಎಂದು ಇವತ್ತೇ ತಿಳಿಯದವರ ಕೈಗೆ ಸೌಟು ಕೊಡುವುದು ಹೇಗೆ? ಬೇಕರಿಯ ಅಂಬ್ರೋಜ್‌ಗೆ ನೆಗಡಿಯಾಗಿ ಮೂಗು ಹೋದದ್ದೇ ತಡ, ಬೇಕರಿ ಅವನ ಭಾವನ ಪಾಲಾಯಿತು. ಅವನೀಗ ಕೊಡೆ ರಿಪೇರಿ ಮಾಡುತ್ತಾನೆ. ಯಾರೂ ಅವನಿಗೆ ಅನ್ಯಾಯವಾಯಿತು ಎನ್ನಲಿಲ್ಲ, ಅವನೂ ಅನ್ನಲಿಲ್ಲ.

ಎಮ್ರೆನ್ಸ್ ಬಾಯಿ ಇಗರ್ಜಿಯ ವಾರ್ಷಿಕ ಹಬ್ಬದ ಊಟಕ್ಕೆ ರೋಸ್ಟು ಮಾಡುವವರು. ಅವರು ಆ ಕೆಲಸಕ್ಕೆ ಬಂದಾಗ ಮದುವೆಯಾದ ಹೊಸತು. ಈಗ ತಲೆ ಬೆಳ್ಳಗಾಗಿದೆ. ಇಗರ್ಜಿಯ ಊಟದ ಹಾಲಿನ ಅಡುಗೆಕೋಣೆಯ ಕೀಲಿ ವರ್ಷವಿಡೀ ಅವರ ಸೊಂಟದಲ್ಲೇ ಇರುತ್ತದೆ, ರೋಸ್ಟು ಬೇಯುವುದು ಅವರ ಮನೆಯ ಒಲೆಯ ಮೇಲೇ ಆದರೂ; ಆ ಕೀಲಿ ಯಾರಲ್ಲಿದೆಯೋ ಹಬ್ಬದ ಅಡುಗೆ ಅವರದು. ಮೂಳೆ ಬಿಡಿಸಿದ ಇಡೀ ತುಂಡು, ಅದಕ್ಕೆ ಫೋರ್ಕಿನಿಂದ ಚುಚ್ಚಿ ಉಪ್ಪು, ಕಾಳುಮೆಣಸು, ಶುಂಠಿ, ಬೆಳ್ಳುಳ್ಳಿ, ಕಳ್ಳಿನ ವಿನೆಗರ್ ತಿಕ್ಕಿ, ದಾರದಿಂದ ಕಟ್ಟಿ ರಾತ್ರಿಯಿಡೀ ಭಾರದ ಕೆಳಗೆ ಇಡಬೇಕು. ಬೆಳಿಗ್ಗೆ ದಪ್ಪ ತಳದ ತಾಮ್ರದ ಪಾತ್ರೆಯಲ್ಲಿ ತುಪ್ಪ, ನೀರುಳ್ಳಿ, ಚಕ್ಕೆ, ಲವಂಗ. ಮಾಂಸ ಎಲ್ಲ ಬದಿ ಕೆಂಪಾದ ಮೇಲೆ ಮೂಳೆಯ ಸೂಪು ಸ್ವಲ್ಪ ಸ್ವಲ್ಪವೇ ಹಾಕಿ ಸಣ್ಣ ಬೆಂಕಿಯಲ್ಲಿ ಬೇಯಿಸಬೇಕು. ಇದನ್ನು ನಾನು ಹೇಳುವುದು ಸುಲಭ. ಊರಲ್ಲಿ ಎಲ್ಲರಿಗೂ ಇದು ಗೊತ್ತು, ಎಲ್ಲರೂ ಹೀಗೆಯೇ ಮಾಡುತ್ತಾರೆ, ಮತ್ತು ಎಲ್ಲರೂ ಹಬ್ಬದ ದಿನ ಎಮ್ರೆನ್ಸ್ ಬಾಯಿಯ ಪಾತ್ರೆಯ ಎದುರೇ ಸಾಲು ನಿಲ್ಲುತ್ತಾರೆ.

ಆ ಮಳೆಗಾಲದಲ್ಲಿ ಬಾಯಿಗೆ ಜ್ವರ ಬಂತು. ಜ್ವರ ಇಳಿದ ಬೆಳಿಗ್ಗೆ ಎದ್ದು ಕುಳಿತರೆ ಮನೆಯಿಂದ ಏನೂ ವಾಸನೆಯಿಲ್ಲ. ಗಂಜಿಯದೂ ಇಲ್ಲ. ಅಂದರೆ ನಾಳೆ ಒಲೆ ಉರಿಯುವುದಿಲ್ಲ. ಬಾಯಿ ಒಂದು ಶಿಲುಬೆ ಹಾಕಿಕೊಂಡು, ಒಳ್ಳೆಯ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಹೊರಗಿಟ್ಟು, ಪಾಪನಿವೇದನೆಗೆಂದು ಇಗರ್ಜಿಗೆ ಹೊರಟರು. ದಾರಿಯಲ್ಲಿ ನಮ್ಮ ಓಣಿಯ ಸೆರಾಫಿನ್ ಬಾಯಿಯ ಮನೆ ದಾಟಿದರು, ಅಲ್ಲೂ ವಾಸನೆಯಿಲ್ಲ. ನನ್ನ ಮನೆಯಿಂದ ಇಲ್ಲ. ಹೋಟೆಲಿನಿಂದ ಇಲ್ಲ. ಪಾದ್ರಿಗಳ ಬಂಗಲೆಯಿಂದಲೂ ಇಲ್ಲ. ಊರಿಗೆ ಊರೇ ನಾಳೆ ಸಾಯುತ್ತದೆ ಎಂದು ಅವರಿಗೆ ಖಚಿತವಾಯಿತು. ಯಾರಿಗೂ ಹೇಳಲಿಲ್ಲ, ಹೇಳಿ ಏನು ಪ್ರಯೋಜನ? ಆ ದಿನ ಅವರು ನನ್ನನ್ನು ಓಣಿಯಲ್ಲಿ ನಿಲ್ಲಿಸಿ, "ನೀವು ಒಳ್ಳೆ ಜನ, ಮೇಷ್ಟ್ರೆ. ಸ್ವಲ್ಪ ಕಿವಿ ಜಾಸ್ತಿ, ಅಷ್ಟೆ," ಎಂದು ನನ್ನ ಕೈ ಅದುಮಿದ್ದು ನನಗೆ ನೆನಪಿದೆ. ಮೀನಿನವಳ ಹತ್ತಿರ ಚೌಕಾಸಿ ಮಾಡದೆ ಮೀನು ತೆಗೆದುಕೊಂಡರಂತೆ. ಮರುದಿನ ಎಲ್ಲರೂ ಬದುಕಿದ್ದರು. ಆಗ ಬಾಯಿಗೆ ಸತ್ತದ್ದು ಯಾವುದು ಎಂದು ಅರ್ಥವಾಯಿತು.

ಅವರು ಅದನ್ನು ಬಚ್ಚಿಟ್ಟರು. ಕಷ್ಟವೇನೂ ಆಗಲಿಲ್ಲ. ಇದ್ದಿನಬ್ಬನ ಅಂಗಡಿಗೆ ಹೋಗಿ "ನಂದು ಕಟ್ಟಿಟ್ಟಿದ್ದೀರಾ?" ಎಂದು ಕೇಳಿದರೆ ಸಾಕು, ನಾಳೆ ಸಾರೋ ಒಣಗಿಸಿ ಹುರಿದ ಸುಕ್ಕವೋ ಎಂದು ಪೊಟ್ಟಣದ ಗಾತ್ರವೇ ಹೇಳುತ್ತಿತ್ತು. ಮಿಕ್ಕದ್ದಕ್ಕೆ ಗಂಡ ಕಾಸ್ಮಿರ್ ಪೊರ್ಬು ಇದ್ದರು. ಜಗಲಿಯಲ್ಲಿ ನಶ್ಯದ ಡಬ್ಬಿ ಹಿಡಿದು ಕುಳಿತು, "ಆಹಾ, ನಾಳೆ ಚಂದ ಉಂಟು ಮಾರಾಯ್ತಿ," ಎಂದು ದಿನಕ್ಕೊಮ್ಮೆ ಹೇಳುವುದು ಮದುವೆಯಾದಂದಿನಿಂದ ಅವರ ಪದ್ಧತಿ. ಅಡುಗೆ ಮಾಡುವ ದಿನವಂತೂ ನಮ್ಮೂರಲ್ಲಿ ಯಾರ ಮೂಗಿಗೂ ಏನೂ ಬರುವುದಿಲ್ಲವಷ್ಟೆ. ಹಾಗಾಗಿ ಒಲೆಯ ಮುಂದೆ ಬಾಯಿ ಯಾರಿಗೂ ಕಡಿಮೆಯಿರಲಿಲ್ಲ. ಬದಲಾಗಿ ಪಾತ್ರೆಯ ಸದ್ದಿಗೆ ಕಿವಿಗೊಡುವುದನ್ನು ಕಲಿತರು. ಹಬ್ಬದ ತನಕ ಎಲ್ಲವೂ ಸಲೀಸಾಗಿ ನಡೆಯಿತು.

ಹಬ್ಬ ಭಾನುವಾರ. ಶನಿವಾರ ಬೆಳಿಗ್ಗೆಯಿಂದಲೇ ಓಣಿಯವರೆಲ್ಲ ಕಿಟಕಿ ತೆರೆದಿಟ್ಟು ಕುಳಿತರು. ಹಬ್ಬದ ರೋಸ್ಟನ್ನು ಎರಡು ದಿನ ಅನುಭವಿಸುವುದು ನಮ್ಮ ಹಕ್ಕು. ಮೊದಲು ತುಪ್ಪ ಬಂತು. ಆಮೇಲೆ ನೀರುಳ್ಳಿ, ಮೆಣಸು, ಮಾಂಸ ಕೆಂಪಾಗುವ ಆ ದಪ್ಪ ವಾಸನೆ. ನಾನು ಓದುತ್ತಿದ್ದ ಪುಟವನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಮಧ್ಯಾಹ್ನ ಹತ್ತಿರವಾದಂತೆ ಇನ್ನೇನೋ ಬಂತು. ಮೊದಲು ನಂಬಲಿಲ್ಲ. ಎರಡನೆಯ ಉಸಿರಿಗೆ ನಂಬಲೇಬೇಕಾಯಿತು. ಕರಟಿದ ವಾಸನೆ.

ಓಣಿಯುದ್ದಕ್ಕೂ ಕಿಟಕಿಗಳು ಒಂದೊಂದಾಗಿ, ಮೆಲ್ಲಗೆ, ಮರ್ಯಾದೆಯಿಂದ ಮುಚ್ಚಿಕೊಂಡವು. ಅಷ್ಟರಲ್ಲಿ ಗುರ್ಕಾರರ ಮನೆಯಿಂದಲೂ ಕರಟಿದ ವಾಸನೆ ಎದ್ದಿತು. ಗುರ್ಕಾರ ಎಂದರೆ ನಮ್ಮ ವಾರ್ಡಿಗೆ ಇಗರ್ಜಿಯ ಕಡೆಯಿಂದ ಯಜಮಾನ. ಹೆಸರು ಬೊನವೆಂತೂರ್, ಹೆಂಡತಿ ಸೆರಾಫಿನ್ ಬಾಯಿ. ಹಬ್ಬಕ್ಕೆ ಪ್ರತಿ ಮನೆಯಿಂದಲೂ ಒಂದು ಸಣ್ಣ ರೋಸ್ಟು ಹೋಗುವುದುಂಟು, ಯಾರೂ ತಿನ್ನದಿದ್ದರೂ. ಅದರ ಹಿಂದೆಯೇ ಮೂಲೆಮನೆಯಿಂದ, ಬಾವಿಮನೆಯಿಂದಲೂ ಬಂತು. ಓಣಿಯೇ ಸುಡುಗಾಡಿನಂತೆ ನಾರತೊಡಗಿತು. ಆ ಹೊಗೆಯ ಅಡಿಯಲ್ಲಿ ಬೇರೆ ಯಾವ ವಾಸನೆ ಬಂದಿದ್ದರೂ ಅದನ್ನು ಹಿಡಿಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಇದನ್ನು ಗಮನಿಸಿ.

ಸೆರಾಫಿನ್ ಬಾಯಿ ಮತ್ತು ಮೂಲೆಮನೆಯ ಹೆಂಗಸು ನನ್ನ ಕಿಟಕಿಯ ಕೆಳಗೇ ನಿಂತು ಸಭೆ ನಡೆಸಿದರು.

"ನಿಮ್ದೂ ಹೌದಾ?"

"ನಮ್ದೂ ಹೌದು. ನಾನು ನಾಳೆ ಯಾಕೆ ಕರಟಿಸ್ತೇನೆ ಅಂತ ನಂಗೇ ಗೊತ್ತಿಲ್ಲ ಮಾರಾಯ್ತಿ."

"ನಂಗೂ ಗೊತ್ತಿಲ್ಲ. ಆದ್ರೆ ಮೊದ್ಲು ಬಂದದ್ದು ಅಲ್ಲಿಂದ," ಎಂದು ಸೆರಾಫಿನ್ ಬಾಯಿ ಗಲ್ಲದಿಂದಲೇ ಎದುರು ಮನೆ ತೋರಿಸಿದರು. "ಒಂದು ಮನೇದು ಕರಟಿದ್ರೆ ಅದು ಕೈ ತಪ್ಪಿದ್ದು. ನಾಲ್ಕು ಮನೇದು ಕರಟಿದ್ರೆ ಅದು ಹೊಸ ಕ್ರಮ. ಅವಳು ಎಂತದೋ ಹೊಸ್ತು ಮಾಡ್ತಾಳೆ. ನಾವು ನೋಡಿ ಮಾಡ್ತೇವೆ. ಅದಕ್ಕೇ ನಮ್ದೂ."

ಅದೇ ಹೊತ್ತಿಗೆ ಎಮ್ರೆನ್ಸ್ ಬಾಯಿ ಬೆಳ್ಳುಳ್ಳಿಯ ಮೊರ ಹಿಡಿದು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, ಯಾವುದೋ ಹಾಡನ್ನು ಮೂಗಿನಲ್ಲೇ ಗುನುಗುತ್ತ ಸಿಪ್ಪೆ ಸುಲಿಯತೊಡಗಿದರು. ಸುಟ್ಟು ನಾರುತ್ತಿರುವ ಓಣಿಯಲ್ಲಿ ಆ ಮುಖದ ಶಾಂತಿಯನ್ನು ನೋಡಬೇಕಿತ್ತು.

"ಎಂತ ಎಮ್ರೆನ್ಸ್ ಬಾಯಿ, ಎಲ್ಲ ಆರಾಮಾ?" ಸೆರಾಫಿನ್ ಬಾಯಿ ಕೇಳಿದರು.

ಬಾಯಿ ತಲೆಯೆತ್ತಿದರು. ಎದುರಿನ ಎರಡು ಮುಖಗಳಲ್ಲೂ ಏನೋ ಇತ್ತು. ಅದು ಹೊಗಳಿಕೆಯಲ್ಲ, ಮರುಕವೂ ಅಲ್ಲ. ನಾಳೆ ಏನೋ ಇದೆ ಎಂದಷ್ಟೇ ಅವರಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ಕೇಳುವ ಹಾಗಿಲ್ಲ. ತಿಳಿಯದವರು ಏನು ಹೇಳಬಹುದೋ ಅದನ್ನೇ ಹೇಳಿದರು.

"ಆರಾಮ. ಈ ಸಲದ್ದು ಸ್ವಲ್ಪ ಬೇರೆ ಮಾರಾಯ್ತಿ."

"ನಾ ಹೇಳ್ಲಿಲ್ವಾ?" ಎಂದು ಸೆರಾಫಿನ್ ಬಾಯಿ ಮೂಲೆಮನೆಯವಳ ತೋಳು ಚಿವುಟಿ ಮನೆಗೆ ನಡೆದರು. ನಾಲ್ಕು ಮನೆಗಳಲ್ಲಿ ನಾಳೆಯ ಮಾಂಸದ ಭವಿಷ್ಯ ನಿಶ್ಚಯವಾಯಿತು.

ಒಂದು ಮೂಗು ಮಾತ್ರ ಇದಕ್ಕೆ ಒಪ್ಪಲಿಲ್ಲ. ಕಾಸ್ಮಿರ್ ಪೊರ್ಬುಗಳ ಅಕ್ಕ ಅಪೊಲಿನ್ ಬಾಯಿ, ಪಕ್ಕದ ಮನೆ, ನಡುವೆ ಒಂದೇ ಗೋಡೆ. ಅವರ ಮೂಗು ಊರಲ್ಲೇ ಹೆಸರುವಾಸಿ; ಮೂರು ಮನೆಯಾಚೆ ನಾಳೆ ಹಾಕುವ ಲವಂಗ ಹೊಸತೋ ಹಳತೋ ಎಂದು ಹೇಳಬಲ್ಲರು. ತಮ್ಮನ ಹೆಂಡತಿಯೊಂದಿಗೆ ಅವರಿಗೆ ಮಾತಿತ್ತು, ಪ್ರೀತಿಯಿರಲಿಲ್ಲ. ತಾಯಿಯ ತಾಮ್ರದ ಪಾತ್ರೆ ತನಗೆ ಬರಬೇಕಿತ್ತು ಎಂಬುದು ಅವರ ವಾದ. ಬಂದಿಲ್ಲ ಎಂಬುದು ವಾಸ್ತವ. ಸಂಜೆ ಅವರು ಎಮ್ರೆನ್ಸ್ ಬಾಯಿಯ ಅಡುಗೆಮನೆಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಬಾಯಿ ಮಾಂಸಕ್ಕೆ ದಾರ ಸುತ್ತುತ್ತಿದ್ದರು.

"ಎಮ್ರಾ, ಹೇಳ್ಬಾರ್ದು. ಆದ್ರೂ ಹೇಳ್ತೇನೆ. ಇವತ್ತು ನಿನ್ನ ಮನೆಯಿಂದ ಎಂತ ಪರಿಮಳ ಬಂತು ಗೊತ್ತುಂಟಾ! ಆ ಏಲಕ್ಕಿ! ರೋಸ್ಟಿಗೆ ಏಲಕ್ಕಿ ಹಾಕುದು ನೀನು ಎಲ್ಲಿ ಕಲ್ತದ್ದು?"

ಎಮ್ರೆನ್ಸ್ ಬಾಯಿ ದಾರದ ಗಂಟು ಬಿಗಿದರು. ಅವರು ಇಡೀ ದಿನ ಕಾಯುತ್ತಿದ್ದ ಸುದ್ದಿ ಕೊನೆಗೂ ಸಿಕ್ಕಿತು.

"ಹೌದಕ್ಕಾ. ಸ್ವಲ್ಪ ಹಾಕಿ ನೋಡುವಾ ಅಂತ. ಜಾಸ್ತಿ ಆಗ್ಲಿಲ್ಲ ಅಲ್ವಾ?"

ಅಪೊಲಿನ್ ಬಾಯಿ ಒಳಗೆ ಬಂದು, ಮಣೆ ಎಳೆದು ಕುಳಿತರು. "ಏಲಕ್ಕಿ ಬರ್ಲೇ ಇಲ್ಲ ಎಮ್ರಾ. ಬಂದದ್ದು ಕರಟಿದ್ದು. ನಾಳೆ ನಿಂದು ತಳ ಹಿಡೀತದೆ. ಓಣಿಯಿಡೀ ನಾರ್ತಾ ಇತ್ತು, ನೀನು ಹಾಡು ಹೇಳ್ತಾ ಬೆಳ್ಳುಳ್ಳಿ ಸುಲಿತಾ ಇದ್ದಿ. ಯಾವಾಗಿಂದ?"

ದಾರ ಕೈಯಿಂದ ಜಾರಿ ನೆಲಕ್ಕೆ ಉರುಳಿತು. ಸುಳ್ಳು ಹೇಳುವ ಶಕ್ತಿ ಬಾಯಿಗೆ ಅಷ್ಟೇ ಇದ್ದದ್ದು. "ಜ್ವರದಿಂದ," ಎಂದರು.

"ಎಷ್ಟು ಜನ ಉಂಡಿದ್ದಾರೆ ಆಮೇಲೆ ನಿನ್ನ ಕೈಯಿಂದ! ಎರಡು ಮದುವೆ, ಒಂದು ನಾಮಕರಣ."

"ಯಾರಿಗಾದ್ರೂ ಎಂತದಾದ್ರೂ ಆಯ್ತಾ ಅಕ್ಕಾ?"

"ಆಗ್ಲಿಲ್ಲ, ದೇವ್ರು ದೊಡ್ಡವ. ಅಂಬ್ರೋಜ್‌ನ ಬ್ರೆಡ್ ತಿಂದೂ ಯಾರಿಗೂ ಎಂತದೂ ಆಗಿರ್ಲಿಲ್ಲ. ಅವ ಬಿಟ್ಟು ಕೊಡ್ಲಿಲ್ವಾ?" ಎಮ್ರೆನ್ಸ್ ಬಾಯಿ ಬಗ್ಗಿ ದಾರ ಹೆಕ್ಕಿಕೊಂಡರು. "ಕೇಳು. ನಾಳೆ ಬೆಳಿಗ್ಗೆ ನಾನು ಬಂದು ಈ ಒಲೆ ಹತ್ರ ಕೂತ್ಕೊಳ್ತೇನೆ, ಕರಟ್ಲಿಕ್ಕೆ ಬಿಡುದಿಲ್ಲ. ಹಬ್ಬದ ದಿನ ನಮ್ಮ ಮನೆತನದ ಮಾನ ಹೋಗ್ಬಾರ್ದು. ಊಟ ಮುಗಿದ ಮೇಲೆ ಗುರ್ಕಾರನಿಗೆ ನೀನೇ ಹೇಳಿ ಕೀಲಿ ಕೊಡು. ನೀನು ಹೇಳದಿದ್ರೆ ನಾನು ಹೇಳ್ತೇನೆ."

ಅವರು ಹೋದ ಮೇಲೆ ಎಮ್ರೆನ್ಸ್ ಬಾಯಿ ಯೋಚಿಸಿದರು. ಮೊದಲು ಏಲಕ್ಕಿ ಎಂದವಳು ಆಮೇಲೆ ಕರಟಿದ್ದು ಎಂದಳು. ಎರಡರಲ್ಲಿ ಒಂದು ಸುಳ್ಳಾದರೆ ಎರಡೂ ಯಾಕೆ ಸುಳ್ಳಾಗಿರಬಾರದು? ಪಾತ್ರೆಯ ಮೇಲೆ ಕಣ್ಣಿಟ್ಟವಳಿಗೆ ಕೀಲಿಯ ಮೇಲೂ ಕಣ್ಣಿರಬಹುದು. ಅವರು ಜಗಲಿಗೆ ಬಂದು ಗಂಡನ ಎದುರು ನಿಂತರು.

"ನೋಡಿ, ಒಂದು ಸಲ ಸರಿ ಹೇಳಿ. ಇವತ್ತು ಮಧ್ಯಾಹ್ನ ನಮ್ಮ ಮನೆಯಿಂದ ಎಂತ ವಾಸನೆ ಬಂತು?"

"ಚಂದದ್ದು ಮಾರಾಯ್ತಿ."

"ಚಂದದ್ದು ಅಂದ್ರೆ? ಎಂತದ್ರದ್ದು?"

ಕಾಸ್ಮಿರ್ ಪೊರ್ಬು ನಶ್ಯದ ಡಬ್ಬಿಯನ್ನು ತೆರೆದರು, ಮುಚ್ಚಿದರು. ಅಷ್ಟು ಹೊತ್ತು ಒಬ್ಬ ಮನುಷ್ಯ ಡಬ್ಬಿಯ ಮುಚ್ಚಳ ನೋಡುವುದನ್ನು ನಾನು ಕಂಡಿಲ್ಲ. "ಈ ನಶ್ಯ ಹಾಕಿ ಹಾಕಿ ನಂಗೆ ಯಾವ ವಾಸನೆಯೂ ಬರುದಿಲ್ಲ. ಮದುವೆಯ ಮುಂಚಿಂದಲೇ," ಎಂದರು.

"ಮತ್ತೆ ದಿನಾ ಚಂದ ಉಂಟು, ಚಂದ ಉಂಟು ಅಂತ ಹೇಳುದು?"

"ಮರುದಿನ ಚಂದ ಇರ್ತಿತ್ತಲ್ಲ. ಒಂದು ದಿನವೂ ತಪ್ಪಲಿಲ್ಲ."

ಈ ಮಾತಿಗೆ ಸಿಟ್ಟಾಗಬೇಕೋ ಬೇಡವೋ ಎಂದು ಎಮ್ರೆನ್ಸ್ ಬಾಯಿಗೆ ತಿಳಿಯಲಿಲ್ಲ. ಒಳಗೆ ಹೋಗಿ ಮಾಂಸಕ್ಕೆ ದಾರ ಸುತ್ತುವುದನ್ನು ಮುಗಿಸಿ, ಮೇಲೆ ರುಬ್ಬುಗುಂಡು ಇಟ್ಟು, ಪ್ರಾರ್ಥನೆ ಮಾಡಿ ಮಲಗಿದರು. ಏನನ್ನು ಬೇಡಿಕೊಂಡರೆಂದು ನನಗೆ ಕೇಳಿಸಲಿಲ್ಲ.

ಭಾನುವಾರ ಬೆಳಿಗ್ಗೆ ಮೊದಲ ಪೂಜೆ ಮುಗಿಸಿಕೊಂಡು ಅಪೊಲಿನ್ ಬಾಯಿ ಹೇಳಿದಂತೆ ಬಂದು ಒಲೆಯ ಎಡಕ್ಕೆ ಮಣೆ ಹಾಕಿದರು. ಎಮ್ರೆನ್ಸ್ ಬಾಯಿ ಬಲಕ್ಕೆ. ನಡುವೆ ತಾಮ್ರದ ಪಾತ್ರೆ. ತುಪ್ಪ ಚುರ್ ಎಂದಿತು, ನೀರುಳ್ಳಿ ಕೆಂಪಾಯಿತು, ಮಾಂಸ ಮಗುಚಿಕೊಂಡಿತು. ಎಲ್ಲವೂ ವಾಸನೆಯಿಲ್ಲದೆ, ನಮ್ಮೂರಿನ ರೀತಿಯಲ್ಲಿ. ಸ್ವಲ್ಪ ಹೊತ್ತು ಅವರು ಪಾತ್ರೆಯನ್ನು ಮಾತ್ರ ನೋಡಿದರು. ಅದು ಬಹಳ ಹೊತ್ತು ಉಳಿಯುವ ಶಾಂತಿಯಾಗಿರಲಿಲ್ಲ.

"ಬೆಂಕಿ ಸಣ್ಣ ಮಾಡು."

"ಸಣ್ಣದೇ ಉಂಟಕ್ಕಾ."

"ಇದು ಸಣ್ಣದಾ? ಇದ್ರಲ್ಲಿ ಇಟ್ಟಿಗೆ ಸುಡ್ಬಹುದು. ಅಮ್ಮ ಈ ಪಾತ್ರೆಯಡಿ ಇಷ್ಟು ಬೆಂಕಿ ಇಟ್ಟದ್ದೇ ಇಲ್ಲ."

"ಅಮ್ಮ ನಂಗೆ ಕಲಿಸಿದ್ದೇ ಹೀಗೆ."

"ನಿಂಗೆ ಕಲಿಸಿದ್ದು, ನಿಂಗೆ ಕೊಟ್ಟದ್ದು. ಹೆತ್ತ ಮಗಳು ನಾನು ಗೋಡೆಯ ಆಚೆ ಕೂತು ಮೂಸುದು."

"ಆರು ತಿಂಗಳು ಅವರ ಬಾಯಿಗೆ ಗಂಜಿ ಹಾಕಿದ್ದು ಯಾರು ಅಕ್ಕಾ? ನಾನು. ನೀವು ಗೋಡೆಯ ಆಚೆ ಇದ್ದು ಬಂದದ್ದು ಶವಕ್ಕೆ."

ಇಷ್ಟು ವರ್ಷ ಪಾತ್ರೆಯ ಹೆಸರಿನಲ್ಲಿ ಯಾವ ಜಗಳ ನಡೆಯುತ್ತಿತ್ತು ಎಂದು ಆಗ ನನಗೆ ತಿಳಿಯಿತು. ಅಪೊಲಿನ್ ಬಾಯಿಯ ದನಿ ಇಳಿಯಿತು, ಮತ್ತು ಇಳಿದ ದನಿ ಏರಿದ್ದಕ್ಕಿಂತ ಕೆಟ್ಟದಾಗಿತ್ತು. "ಬರ್ಬೇಡ ಅಂತ ಹೇಳಿ ಕಳ್ಸಿದ್ದು ನೀನು."

"ನಾನಾ? ನಾನು ದಿನಾ ದಾರಿ ಕಾಯ್ತಾ ಇದ್ದೆ. ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ. ಯಾರು ಹೇಳಿದ್ದು ನಾನು ಬೇಡ ಅಂದೆ ಅಂತ?"

"ಕಾಸ್ಮಿರ್."

ಪಾತ್ರೆಯಲ್ಲಿ ತುಪ್ಪ ಗುಳುಗುಳು ಎನ್ನುತ್ತಿತ್ತು. ಆಮೇಲೆ ಎರಡು ಮಣೆಗಳು ಒಟ್ಟಿಗೆ ಹಿಂದಕ್ಕೆ ಸರಿದವು. ಅವರಿಬ್ಬರೂ ಜೊತೆಯಾಗಿ ಒಂದೇ ದಿಕ್ಕಿಗೆ ನಡೆದದ್ದನ್ನು ಓಣಿ ಕಂಡದ್ದು ಅದೇ ಮೊದಲು. ಜಗಲಿಯಲ್ಲಿ ಕಾಸ್ಮಿರ್ ಪೊರ್ಬು ಹಬ್ಬದ ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದರು. ಅವರು ಹೇಳಿದ್ದು ಇಷ್ಟು: ಒಂದು ಮನೆಯಲ್ಲಿ ರೋಗಿಯೊಬ್ಬಳು, ಹೆಂಗಸರು ಇಬ್ಬರು, ಜಗಳವಾದೀತು ಎಂದು ಹೆದರಿ ಅಕ್ಕನಿಗೆ ಹಾಗೆ ಹೇಳಿದೆ, ಆಮೇಲೆ ಸರಿ ಮಾಡುವಾ ಅಂದುಕೊಂಡೆ, ಅಷ್ಟರಲ್ಲಿ ಅಮ್ಮ ಹೋದಳು. ಇದನ್ನು ಅವರು ಒಂದೇ ಉಸಿರಿಗೆ, ಅಂಗಿಯ ಕೆಳಗಿನ ಗುಂಡಿಗೆ ಹೇಳಿದರು. ಉತ್ತರವಾಗಿ ಅವರಿಗೆ 'ಬಡ್ಡು', 'ಹೇಡಿ', 'ಕಲ್ಲು' ಮುಂತಾದ ಬಿರುದುಗಳು ಎರಡೂ ಕಡೆಯಿಂದ ಬಂದವು. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಮುಂದುವರಿಸುತ್ತಿದ್ದರು. ಅಭ್ಯಾಸ ಮಾಡಿದ ಗಾಯನದ ಹಾಗೆ. ನಾನು ಪುಸ್ತಕ ಕೆಳಗಿಟ್ಟೆ.

ನಡುವೆ ಎಮ್ರೆನ್ಸ್ ಬಾಯಿ ಮಾತು ಅರ್ಧಕ್ಕೆ ನಿಲ್ಲಿಸಿದರು. ತಲೆ ಓರೆ ಮಾಡಿದರು.

"ಪಾತ್ರೆ," ಎಂದರು.

ತುಪ್ಪದ ಸದ್ದು ಬದಲಾಗಿತ್ತು. ಗುಳುಗುಳು ಹೋಗಿ ಒಣ ಚಿಟಿಚಿಟಿ. ಮೂಗುಳ್ಳ ಅಪೊಲಿನ್ ಬಾಯಿಗೆ ಏನೂ ತಿಳಿದಿರಲಿಲ್ಲ. ತಿಳಿಯಬೇಕಾದದ್ದು ಅವರಿಗೆ ನಿನ್ನೆಯೇ ತಿಳಿದಾಗಿತ್ತು. ಇಬ್ಬರೂ ಒಳಗೆ ಓಡಿದರು. ಬಾಯಿ ಎರಡು ಸೌಟು ಹಾಕಿ ಮಾಂಸವನ್ನು ಎತ್ತಿ ತಟ್ಟೆಗೆ ಹಾಕಿದರು. ಮಾಂಸಕ್ಕೆ ಒಂದು ಬದಿ ಕಪ್ಪು ಅಂಚು, ಅಷ್ಟೆ. ಪಾತ್ರೆಯ ತಳದಲ್ಲಿ ಮಾತ್ರ ನೀರುಳ್ಳಿ, ಮಸಾಲೆ, ರಸ ಎಲ್ಲ ಸೇರಿ ಗಟ್ಟಿಯಾದ ಕಡುಕಂದು ಹಕ್ಕಳೆ.

"ಹೋಯ್ತು," ಎಂದರು ಅಪೊಲಿನ್ ಬಾಯಿ ಮಣೆಯ ಮೇಲೆ ಕುಸಿದು. "ನಾನು ಕೂತಿದ್ದೂ ಹೋಯ್ತು. ನಾನು ಕೂತದ್ದಕ್ಕೇ ಹೋಯ್ತು. ತಳ ಎಲ್ಲ ಚೆಲ್ಲು ಎಮ್ರಾ, ಬರೀ ಮಾಂಸ ತೆಗೊಂಡು ಹೋಗುವಾ."

"ಗಸಿ ಇಲ್ಲದ ರೋಸ್ಟು ಬಡಿಸುದಾ? ಹಬ್ಬದ ಊಟಕ್ಕೆ?"

ಎಮ್ರೆನ್ಸ್ ಬಾಯಿ ಶೀಶೆ ತೆಗೆದು ಕಳ್ಳಿನ ವಿನೆಗರನ್ನು ಬಿಸಿ ತಳಕ್ಕೆ ಸುರಿದರು. ಪಾತ್ರೆ ಹಾವಿನಂತೆ ಬುಸುಗುಟ್ಟಿತು; ನಿನ್ನೆ ಓಣಿಯ ಹೊಗೆಯಡಿ ಯಾರ ಮೂಗಿಗೂ ಸಿಗದೆ ಹೋದ ವಾಸನೆ ಇದರದ್ದೇ. ಮರದ ಸಟ್ಟುಗದಿಂದ ತಳ ಕೆರೆದರು. ತೀರಾ ಕಪ್ಪಾದ ಮೂಲೆಯನ್ನು ಮಾತ್ರ ಎತ್ತಿ ಬಿಸಾಡಿದರು. ಉಳಿದದ್ದಕ್ಕೆ ಮೂಳೆಯ ಸೂಪು ಎರೆದು ಮತ್ತೆ ಕೆರೆದರು. ಹಕ್ಕಳೆ ಕರಗಿತು, ಗಸಿ ದಪ್ಪವಾಯಿತು, ಸಂಜೆಯ ಹೊಳೆಯ ಬಣ್ಣಕ್ಕೆ ತಿರುಗಿತು. ಅಪೊಲಿನ್ ಬಾಯಿ ಬೆರಳದ್ದಿ ನಾಲಿಗೆಗೆ ಇಟ್ಟರು.

"ಎಂತಕ್ಕಾ? ಹೇಳಿ."

ಅಪೊಲಿನ್ ಬಾಯಿ ಎರಡನೆಯ ಬೆರಳೂ ಅದ್ದಿದರು. "ಉಪ್ಪು ಸರಿ ಉಂಟು," ಎಂದರು.

ಇಗರ್ಜಿಯ ಹಾಲಿನಲ್ಲಿ ಉದ್ದ ಮೇಜುಗಳ ಮೇಲೆ ಊಟ ಸಜ್ಜಾಯಿತು. ನಿನ್ನೆಯ ಮಹಾ ವಾಸನೆಯನ್ನು ಕಂಡವರಿಗೆಲ್ಲ ಇವತ್ತಿನ ರುಚಿಯ ಕುತೂಹಲ. ಸೆರಾಫಿನ್ ಬಾಯಿ, ಮೂಲೆಮನೆ, ಬಾವಿಮನೆಯವರು ತಮ್ಮ ತಮ್ಮ ರೋಸ್ಟುಗಳನ್ನು ಹೆಮ್ಮೆಯಿಂದ ಸಾಲಾಗಿ ಇಟ್ಟರು. ಅವರು ಕೈ ತಪ್ಪಿ ಕರಟಿಸಿದವರಲ್ಲ. ಶ್ರದ್ಧೆಯಿಂದ, ಬೆಂಕಿ ದೊಡ್ಡದು ಮಾಡಿ, ಗಡಿಯಾರ ನೋಡಿ ಕರಟಿಸಿದವರು. ಹಂದಿಮಾಂಸದ ಪಾತ್ರೆಗಳಿಂದ ದೂರ, ಬಾಗಿಲ ಬಳಿ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದ ಇದ್ದಿನಬ್ಬ ಎದ್ದು ಬಂದು ಆ ಮೂರು ಕರಿಯ ದಿಮ್ಮಿಗಳನ್ನು ನೋಡಿದರು. "ಬಾಯಮ್ಮ, ಇದು ನಿನ್ನೆ ನಾನು ಕೊಟ್ಟ ಮಾಂಸವಾ? ತೊಡೆಯ ಒಳ್ಳೇ ತುಂಡು! ಸತ್ತ ಮೇಲೂ ಅದಕ್ಕೆ ಹೀಗೆ ಮಾಡಿದ್ರಲ್ಲ!"

"ಇದು ಹೊಸ ಕ್ರಮ ಸಾಯ್ಬ್ರೆ. ನಿಮ್ಗೆ ಗೊತ್ತಾಗ್ಲಿಕ್ಕಿಲ್ಲ," ಎಂದು ಸೆರಾಫಿನ್ ಬಾಯಿ ಚಾಕು ಹಾಕಿದರು. ಚಾಕು ಹೋಗಲಿಲ್ಲ.

ಎಮ್ರೆನ್ಸ್ ಬಾಯಿಯ ಪಾತ್ರೆ ತೆರೆಯಿತು. ಗುರ್ಕಾರರು ಎಂದಿನಂತೆ ಮೊದಲ ತುಂಡು ತೆಗೆದುಕೊಂಡರು, ಗಸಿಯಲ್ಲಿ ಅದ್ದಿದರು, ತಿಂದರು, ಭಾಷಣಕ್ಕೆಂದು ಎದ್ದು ನಿಂತವರು ಭಾಷಣ ಬಿಟ್ಟು ಇನ್ನೊಂದು ತುಂಡು ಹಾಕಿಸಿಕೊಂಡರು. ಹಾಲಿನಲ್ಲಿ ಮಾತು ಕಡಿಮೆಯಾಗುತ್ತ ಬಂತು. ಪಾವ್ ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸುವ ಸದ್ದು ಮಾತ್ರ. ಪಾದ್ರಿಗಳು ಗಸಿಯನ್ನು ಚಮಚದಲ್ಲಿ ಕುಡಿದರು ಎಂದು ಹೇಳುವವರಿದ್ದಾರೆ, ನಾನು ನೋಡಿದ್ದೇನೆ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಹುಳಿ, ಆ ಮೆಣಸು, ತಳದಿಂದ ಎದ್ದ ಆ ಕಹಿಯ ಒಂದು ಎಳೆ, ಇವು ಇನ್ನೂ ನನ್ನ ನಾಲಿಗೆಯ ಹಿಂಭಾಗದಲ್ಲಿ ಎಲ್ಲೋ ಕುಳಿತಿವೆ.

ಊಟ ಮುಗಿಯುವ ಹೊತ್ತಿಗೆ ಎಮ್ರೆನ್ಸ್ ಬಾಯಿ ಮುಂದೆ ಬಂದು ಸೊಂಟದ ಕೀಲಿ ಬಿಚ್ಚಿ ಗುರ್ಕಾರರ ತಟ್ಟೆಯ ಪಕ್ಕ ಇಟ್ಟರು.

"ಜ್ವರದಲ್ಲಿ ನನ್ನ ಮೂಗು ಹೋಗಿದೆ. ಯಾರಿಗೂ ಹೇಳ್ಲಿಲ್ಲ. ನಿನ್ನೆ ಕರಟಿದ ವಾಸನೆ ಬಂದದ್ದು ನಂಗೆ ಗೊತ್ತೇ ಇಲ್ಲ. ತಪ್ಪಾಯ್ತು."

ಮೊದಲು ಬಾಯಿ ತೆರೆದದ್ದು ಸೆರಾಫಿನ್ ಬಾಯಿ. "ಗೊತ್ತೇ ಇರ್ಲಿಲ್ವಾ? ನಾವು ನಿನ್ನನ್ನು ನೋಡಿ ಸುಟ್ಟದ್ದು ಮಾರಾಯ್ತಿ!"

ಬಾಗಿಲ ಬಳಿಯಿಂದ ಇದ್ದಿನಬ್ಬ ನಕ್ಕರು. ನಗು ಹಾಲಿನ ಆ ತುದಿಯಿಂದ ಈ ತುದಿಗೆ ಹರಿದು ಬಂತು. ಗುರ್ಕಾರರು ಮೇಜು ಕುಟ್ಟಿದರು. ನಿಯಮ ನಿಯಮವೇ, ಅಂಬ್ರೋಜ್‌ಗೆ ಒಂದು ನ್ಯಾಯ ಇವರಿಗೆ ಒಂದು ನ್ಯಾಯ ಆಗಬಾರದು ಎಂದರು. ಪಾದ್ರಿಗಳ ಮುಖ ನೋಡಿದರು. ಪಾದ್ರಿಗಳು ಇದು ಅಡುಗೆಯ ವಿಚಾರ, ಧರ್ಮದ್ದಲ್ಲ ಎಂದು ಪಾವಿನ ಇನ್ನೊಂದು ತುಂಡು ಮುರಿದರು. ಹಾಗಾದರೆ ಮುಂದಿನ ವರ್ಷ ಯಾರು, ಎಂದು ಗುರ್ಕಾರರು ಹೆಂಡತಿಯ ಕಡೆ ತಿರುಗಿದರು.

"ನನ್ನನ್ನು ನೋಡ್ಬೇಡಿ," ಎಂದರು ಸೆರಾಫಿನ್ ಬಾಯಿ, ಇನ್ನೂ ಚಾಕು ಹೋಗದ ದಿಮ್ಮಿಯನ್ನು ಮರೆ ಮಾಡುತ್ತ.

ಎಲ್ಲರೂ ಅಪೊಲಿನ್ ಬಾಯಿಯ ಕಡೆ ನೋಡಿದರು. ಅತಿ ಒಳ್ಳೆಯ ಮೂಗು, ಅದೇ ತಾಯಿಯ ಮಗಳು. ಅವರು ಬಯಸಿದ್ದರೆ ಕೈ ಚಾಚುವಷ್ಟೇ ದೂರದಲ್ಲಿ ಕೀಲಿ ಇತ್ತು.

"ನಂಗೆ ಮೂಗುಂಟು, ಅಷ್ಟೆ," ಎಂದರು ಅವರು. "ರೋಸ್ಟು ಬರುದಿಲ್ಲ. ನಾನು ಮಾಡಿದ್ರೆ ಅದನ್ನು ಚಪ್ಪಲಿ ಮಾಡಿ ಕಾಲಿಗೆ ಹಾಕ್ಬಹುದು. ಇವತ್ತು ನಾನು ಪಕ್ಕದಲ್ಲೇ ಕೂತಿದ್ದೆ, ನಂಗೆ ಗೊತ್ತಾಗ್ಲಿಲ್ಲ, ಇವಳಿಗೆ ಗೊತ್ತಾಯ್ತು. ಗುರ್ಕಾರರೇ, ಹಿಂದಿನ ದಿನ ಎಂತ ವಾಸನೆ ಬರ್ತದೆ ಅಂತ ನಾನು ಇವಳಿಗೆ ಹೋಗಿ ಹೇಳ್ತೇನೆ. ಹಳಸಿದ್ದು ಬಂದ್ರೆ ಹಳಸಿದ್ದು ಅಂತ, ಏಲಕ್ಕಿ ಬಂದ್ರೆ ಏಲಕ್ಕಿ ಅಂತ."

"ಎದುರಿಗೇ ಹೇಳುದಾ?" ಗುರ್ಕಾರರು ದಂಗಾದರು. "ಬೇರೆಯವರ ಮನೆಯ ವಾಸನೆಯನ್ನು?"

"ಬೇರೆಯವರ ಮನೆಯಾ ಅದು? ನನ್ನ ತಮ್ಮನ ಮನೆ."

"ಅದು ಅವರಿಬ್ರಿಗೂ ಇವತ್ತು ಬೆಳಿಗ್ಗೆ ಗೊತ್ತಾದದ್ದು," ಎಂದರು ಕಾಸ್ಮಿರ್ ಪೊರ್ಬು ಹಿಂದಿನ ಸಾಲಿನಿಂದ.

"ನೀನು ಬಾಯಿ ಮುಚ್ಚು!" ಇಬ್ಬರು ಹೆಂಗಸರೂ ಒಂದೇ ದನಿಯಲ್ಲಿ ಗದರಿದರು.

ಗುರ್ಕಾರರು ಕೀಲಿಯನ್ನು ನೋಡಿದರು, ಖಾಲಿ ತಟ್ಟೆಯನ್ನು ನೋಡಿದರು, ಪಾತ್ರೆಯ ಅಡಿಯಲ್ಲಿ ಇನ್ನೂ ಗಸಿ ಉಳಿದಿದೆಯೇ ಎಂದು ಬಗ್ಗಿ ನೋಡಿದರು. ಮನೆಯವರು ಮನೆಯವರಿಗೆ ಹೇಳಿದರೆ ಅದು ಮರ್ಯಾದೆಗೆ ವಿರುದ್ಧವಾಗುವುದಿಲ್ಲ, ಮತ್ತು ಒಲೆಗೊಂದು ಮೂಗು ಇದ್ದರೆ ಅದು ನಿಯಮಕ್ಕೂ ವಿರುದ್ಧವಾಗುವುದಿಲ್ಲ ಎಂದು ತೀರ್ಪು ಕೊಟ್ಟರು. ಅಂಬ್ರೋಜ್ ಎದ್ದು ನಿಂತು, ಹಾಗಾದರೆ ತನ್ನ ಮನೆಯಲ್ಲೂ ಒಂದು ಮೂಗಿದೆ ಎಂದ. ಅವನ ಅರ್ಜಿಯನ್ನು ಮುಂದಿನ ಸಭೆಗೆ ಇಟ್ಟರು.

ನಿಯಮ ಬದಲಾಗಲಿಲ್ಲ. ಎಮ್ರೆನ್ಸ್ ಬಾಯಿಯ ಮೂಗು ಮರಳಿ ಬರಲಿಲ್ಲ. ಹಬ್ಬದ ರೋಸ್ಟನ್ನು ಈಗಲೂ ಅವರೇ ಮಾಡುತ್ತಾರೆ.